ಆಂಪ್ಲಿಫೈಯರಿಗೆ ಶಾಲು ಹೊದಿಸಿದ ಸಾಹುಕಾರ

ಒಬ್ಬ ಸಾಹುಕಾರ. ಯಾವ ಊರಿನವನು ಅಂತ ಕೇಳಬೇಡಿ, ಹೇಳಿದರೆ ಹಿಂದಿನ ಸಾಲಿನಲ್ಲಿ ಯಾರಾದರೂ ತಲೆ ತಗ್ಗಿಸಿಯಾರು! ಮನುಷ್ಯ ಒಳ್ಳೆಯವನೇ. ಅವನಿಗೆ ವಚನಗಾಯನದ ಹುಚ್ಚು. ಕಾರು ಹತ್ತಿದರೆ ಹಾಡು ಬೇಕು, ಅದೂ ಎದೆ ನಡುಗುವ ಹಾಗೆ ಬೇಕು.

ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಅಂತ ಒಂದು ಪೆಟ್ಟಿಗೆ ಇರುತ್ತದೆ. ನಿಮ್ಮಲ್ಲಿ ಹರೆಯದವರಿಗೆ ಗೊತ್ತು. ಸಣ್ಣ ದನಿಯನ್ನು ದೊಡ್ಡದು ಮಾಡುವುದು ಅದರ ಕೆಲಸ. ಸಾಹುಕಾರನ ಪೆಟ್ಟಿಗೆ ಹಳೇ ಕಾಲದ್ದು. ಒಬ್ಬರಿಂದ ಎತ್ತಲಾಗದಷ್ಟು ಭಾರ, ಮೈತುಂಬ ಅಲ್ಯೂಮಿನಿಯಂ ಪಟ್ಟಿಗಳು. ಒಂದು ತಾಸು ಹಾಡಿದರೆ ಕೈ ಇಡಲಾಗದಷ್ಟು ಬಿಸಿ. ಆದರೆ ನೋಡಿ, ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಅವನ ಡ್ರೈವರ್ ದ್ಯಾಮಣ್ಣನದೂ ಇಪ್ಪತ್ತೇ ವರ್ಷದ ಚಾಕರಿ. ಅವನೂ ಸ್ವಲ್ಪ ಬಿಸಿ. ಮಾತು ಖಡಕ್.

ಒಂದು ದಿನ ಯಾವುದೋ ಸಂಘದವರು ಸಾಹುಕಾರನಿಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮರಳಿ ಬರುವಾಗ ಹಾಡು ಕೇಳುತ್ತಾ ಅವನ ಕಣ್ಣು ತುಂಬಿತು. ‘ನನಗೇನೋ ಶಾಲು ಹೊದಿಸಿದರು. ಇಷ್ಟು ವರ್ಷ ನನಗೆ ಶರಣರ ಮಾತು ಕೇಳಿಸಿದ ಈ ಪೆಟ್ಟಿಗೆಗೆ ಹೊದಿಸಿದವರು ಯಾರು?’ ಎಂಥ ದೊಡ್ಡ ಯೋಚನೆ! ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಆ ಶಾಲನ್ನು ಪೆಟ್ಟಿಗೆಗೆ ಹೊದಿಸಿ, ಅಂಚು ಕೂಡ ಮಡಚಿ ಕೈಮುಗಿದ.

ದ್ಯಾಮಣ್ಣ ಹೇಳಿದ, “ಸಾವ್ಕಾರ್ರ, ಅದಕ್ಕ ಶಾಲು ಬ್ಯಾಡ್ರೀ. ಅದರ ಬಿಸಿ ಹೊರಗ ಹೋಗಬೇಕು.”

“ಉಪಕಾರ ನೆನೆಯೂದು ನಿನಗೇನು ಗೊತ್ತೋ? ಸುಮ್ನ ಗಾಡಿ ಹೊಡಿ.”

ವಾರ ಕಳೆಯಲಿಲ್ಲ, ಸುಟ್ಟ ವಾಸನೆ ಬಂದು ಪೆಟ್ಟಿಗೆ ಸತ್ತಿತು. ವಯಸ್ಸಾಗಿತ್ತು ಅಂದುಕೊಂಡ ಸಾಹುಕಾರ ಹೊಸದನ್ನು ಹಾಕಿಸಿದ. ಊಟದ ಡಬ್ಬಿಯಷ್ಟೇ ಚಿಕ್ಕದು, ಮುಟ್ಟಿದರೆ ಅಂಥಾ ಬಿಸಿಯೂ ಇಲ್ಲ. ಅದಕ್ಕೂ ಅದೇ ಶಾಲು! ಮೂರನೆಯ ದಿನ ಬಿರುಬಿಸಿಲಲ್ಲಿ ಹಾಡು ನಡುವೆಯೇ ನಿಂತಿತು. ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ.

“ನಾ ಹೇಳಿದ್ದು ನಿಮ್ಮ ಕಿವ್ಯಾಗ ಹೋಗೂದs ಇಲ್ಲೇನ್ರೀ? ಒಂದನ್ನ ಕೊಂದ್ರಿ, ಇದನ್ನೂ ಕೊಲ್ಲಾಕತ್ತೀರಿ!”

ಸಾಹುಕಾರನ ಮುಖ ಕೆಂಪಾಯಿತು. “ಗಾಡಿ ರಿಪೇರಿ ಅಂಗಡಿಗೆ ಬಿಡು. ನಾಳಿಂದ ನೀ ಕೆಲಸಕ್ಕ ಬರಬ್ಯಾಡ.”

ಇಪ್ಪತ್ತು ವರ್ಷದ ಚಾಕರಿ ಒಂದು ಮಾತಿನಲ್ಲಿ ಮುಗಿಯಿತು. ದ್ಯಾಮಣ್ಣ ಗಾಡಿಯನ್ನು ಅಂಗಡಿಯ ಕಡೆ ತಿರುಗಿಸಿದ.

ಅಂಗಡಿಯ ಮಕ್ತುಂಸಾಬ ಡಿಕ್ಕಿ ತೆಗೆದು ಬಿದ್ದು ಬಿದ್ದು ನಕ್ಕ. “ಇದರ ಲಗ್ನ ಏನ್ರೀ ಸಾವ್ಕಾರ್ರ? ಪಾಪ, ಇದು ಪ್ರೊಟೆಕ್ಷನ್‌ಗೆ ಹೋಗೈತ್ರೀ.”

“ಯಾವ ಠಾಣೆಗೆ?” ಅಂದ ಸಾಹುಕಾರ.

“ಠಾಣೆ ಅಲ್ರೀ! ಕಾವು ತಡಕೊಳ್ಳಾಕ ಆಗಲಿಲ್ಲಂದ್ರ ಹೊಸಾವು ತಾವs ಸುಮ್ಮನಾಗತಾವು. ಆರಿದ ಮ್ಯಾಲ ಮತ್ತ ಹಾಡತಾವು. ನಿಮ್ಮ ಹಳೇದಕ್ಕ ಆ ಬುದ್ಧಿ ಇರಲಿಲ್ಲ, ಸುಡೂತನಾ ದುಡೀತು. ಅದರ ಮೈ ಬಿಸಿ ಇತ್ತಂದ್ರ ಕೆಟ್ಟಿತ್ತಂತಲ್ಲ, ಒಳಗಿನ ಕಾವು ಹೊರಗ ಹಾಕತಿತ್ತು. ಹಳೇದಿರಲಿ ಹೊಸಾದಿರಲಿ, ಗಾಳಿ ಬೇಕ್ರೀ. ಯಾರೂ ಹೇಳಲಿಲ್ಲೇನು ನಿಮಗ?”

ದ್ಯಾಮಣ್ಣ ಅಲ್ಲೇ ಬೇವಿನ ಮರದ ಕೆಳಗೆ ನಿಂತಿದ್ದ. ‘ನಾ ಹೇಳಿದ್ದೆ’ ಅನ್ನಬಹುದಿತ್ತು. ಅನ್ನಲಿಲ್ಲ. ಸಾಹುಕಾರನೇ ತಲೆ ತಗ್ಗಿಸಿ ಹೇಳಿದ, “ಹೇಳಿದ್ದ. ಎರಡು ಸಲ ಹೇಳಿದ್ದ. ಹೇಳಿದ್ದಕ್ಕs ಅವನ್ನ ಕೆಲಸದಿಂದ ಬಿಡಿಸೀನಿ.”

ಆಮೇಲೆ ಏನು ಮಾಡಿದ ಗೊತ್ತೇ? ರೂಢಿ ಎಲ್ಲಿ ಬಿಡುತ್ತದೆ! ಅದೇ ಶಾಲು ಹಿಡಿದು ದ್ಯಾಮಣ್ಣನಿಗೆ ಹೊದಿಸಲು ಹೋದ. ದ್ಯಾಮಣ್ಣ ಎರಡು ಹೆಜ್ಜೆ ಹಿಂದೆ ಸರಿದ.

“ಬ್ಯಾಡ್ರೀ ಸಾವ್ಕಾರ್ರ, ಮೊದಲs ಧಗಿ.”

“ಮತ್ತ ನಿನಗೇನು ಕೊಡಲೋ ತಮ್ಮಾ?”

“ನಾ ಹೇಳಿದ್ದು ಒಂಚೂರು ಕೇಳ್ರಿ. ವಾರಕ್ಕೊಂದು ದಿನ ಮಕ್ಕಳ ಜೋಡಿ ಇರಾಕ ಬಿಡ್ರಿ. ಸಾಕು.”

ಸಾಹುಕಾರ ಅಲ್ಲೇ ಅತ್ತುಬಿಟ್ಟ. ಮರುದಿನವೂ ಗಾಡಿ ಓಡಿಸಿದವನು ದ್ಯಾಮಣ್ಣನೇ.

ನೋಡಿ, ಸಾಹುಕಾರನನ್ನು ಇಲ್ಲಿಗೆ ಬಿಡೋಣ. ನಿಮ್ಮ ಮನೆಗೆ ಬರೋಣ. ನಿಮ್ಮ ಮನೆಯಲ್ಲಿ ಬಿಸಿ ಇರುವವರು ಯಾರು? ಬೆಳಗ್ಗೆಯಿಂದ ಒಲೆಯ ಮುಂದೆ ನಿಂತು ‘ನನಗೂ ಸಾಕಾಗಿದೆ’ ಅಂತ ಗದರುತ್ತಾಳಲ್ಲ, ಅವಳು. ಅವಳಿಗೆ ನೀವು ಏನು ಕೊಡುತ್ತೀರಿ? ‘ನಮ್ಮ ಮನೆಯ ದೇವತೆ’ ಅಂತ ಮೊಬೈಲಿನಲ್ಲಿ ಫೋಟೋ ಹಾಕುತ್ತೀರಿ. ಅದೂ ಶಾಲೇ! ಹೊಸ ಸೊಸೆ ಎರಡು ದಿನ ಮಾತಾಡದಿದ್ದರೆ ಕೊಬ್ಬು ಅನ್ನುತ್ತೀರಿ. ಕೊಬ್ಬಲ್ಲ ತಾಯೀ, ಆ ಕೂಸಿಗೆ ಕಾವು ತಡೆಯಲಾಗುತ್ತಿಲ್ಲ. ಸ್ವಲ್ಪ ಆರಲು ಬಿಡಿ.

ನಿಮಗೇನು ಹೇಳುವುದು, ನಾನೇ ಕಲಿಯಬೇಕಾಯಿತು. ನಮ್ಮ ಮಠದ ದಾಸೋಹದಲ್ಲಿ ರೊಟ್ಟಿ ಬಡಿಯುವ ನೀಲವ್ವ ಮೊನ್ನೆ ನನಗೇ ಗದರಿದಳು, “ಅಜ್ಜಾರ, ಮಂದಿ ಎಷ್ಟು ಬರತಾರಂತ ಮೊದಲs ಹೇಳಾಕ ಏನ್ ಧಾಡಿ ನಿಮಗ?” ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ ಅವಳ ಕೈ ನೋಡಿದೆ. ಬೆರಳ ತುದಿಯೆಲ್ಲ ಸುಟ್ಟು ಕಪ್ಪಾಗಿತ್ತು. ಆ ಕೈಯ ರೊಟ್ಟಿ ಉಂಡೇ ಅಲ್ಲವೇ ನಾನು ಇಲ್ಲಿ ಕೂತು ಮಾತಾಡುತ್ತಿರುವುದು? ಆ ತಾಯಿಯ ಋಣ ದೊಡ್ಡದು. ಅವಳು ಗದರಿದ್ದೂ ನನಗೆ ಪ್ರಸಾದವೇ.

ಇವತ್ತು ಮನೆಗೆ ಹೋದಾಗ ಯಾರಾದರೂ ಗದರಿದರೆ ತಿರುಗಿ ಗದರಬೇಡಿ. ನಿಮ್ಮ ಭಾರ ಹೊತ್ತು ಬಿಸಿಯಾದವರು ಅವರು. ಬೊಗಸೆ ನೀರು ಕೊಡಿ, ಪಕ್ಕದಲ್ಲಿ ಕೂತು ಅವರು ಹೇಳುವುದನ್ನು ಪೂರ್ತಿ ಕೇಳಿ. ಆಮೇಲೆ ಅವರ ಕೈಯಿಂದ ಒಂದು ಕೆಲಸ ಇಳಿಸಿಕೊಳ್ಳಿ, ಒಂದೇ ಒಂದು. ಅದನ್ನು ನಾಳೆಯೂ ನೀವೇ ಮಾಡಿ, ನಾಡಿದ್ದೂ ನೀವೇ ಮಾಡಿ.