ಆರಾದ ಮೇಲಿನ ಮಾತು

ಹಲೋ... ಹಾಂ, ಎಕ್ಸ್-ರೇ ರೂಮೇ. ಯಾರು ಮಾತಾಡೋದು?...

ತಮ್ಮನಾ? ಯಾವ ತಮ್ಮ? ನನಗಿದ್ದಿದ್ದು ಇಬ್ಬರು. ಒಬ್ಬ, ಪೀಪಿ, ಎಂಟು ವರ್ಷಕ್ಕೇ ಹೋದ. ಇನ್ನೊಬ್ಬ ಅವನ ಸಾವನ್ನ ಕಂಪ್ಯೂಟರ್ ಗೇಮ್ ಮಾಡಿ ಊರಿಗೆಲ್ಲ ಹಂಚಿದಾನೆ. ನೀನು ಯಾವನು?...

ಅಕ್ಕ ಗಿಕ್ಕ ಅನ್ಬೇಡ. ಮೊಬೈಲ್‌ಗೆ ಮಾಡಿದ್ರೆ ಎತ್ತಲ್ಲ ಅಂತ ಕೆಲಸದ ಜಾಗಕ್ಕೆ ಮಾಡಿದೀಯ, ಅಲ್ವಾ? ಭಾರಿ ಜಾಣ...

ತಡಿ. ಅಜ್ಜಾ, ಆಯ್ತು. ಆಯ್ತು ಅಂದ್ನಲ್ಲ, ಇನ್ನೂ ಯಾಕೆ ಮಲಗಿದೀರ? ಹೊರಗೆ ಕೂತಿರಿ, ರಿಪೋರ್ಟ್ ಕೊಡ್ತಾರೆ... ಹಾಂ, ನೀನು ಬೊಗಳು.

ನೋಡ್ದೆ. ಪೂರ್ತಿ ನೋಡ್ದೆ. ನನ್ನ ಮಗಳು ಆಡ್ತಿದ್ಲು. ಗೆಲ್ಲೋದಿಲ್ಲ, ಸೋಲೋದಿಲ್ಲ, ಬರೀ ನಮ್ಮ ಹಳೇ ಮನೆ ತುಂಬ ನಡೆಯೋದು. ಬಾಗಿಲು ಮುಟ್ಟಿದ್ರೆ ತೆರೆಯುತ್ತೆ, ಕುರ್ಚಿ ಮುಟ್ಟಿದ್ರೆ ನಿನ್ನ ದನಿ ಬರುತ್ತೆ. ಪೀಪಿಯ ಹರಿದ ಚಪ್ಪಲಿ ಇದೆ, ಅಮ್ಮನ ಹೊಲಿಗೆ ಮೆಷಿನ್ ಇದೆ. ಅದರ ಮೇಲೆ ಅವನು ಮೊಳೆಯಲ್ಲಿ ಗೀಚಿದ್ದ ಆನೇನೂ ಇದೆ. ಚೆನ್ನಾಗೇ ಮಾಡಿದೀಯ, ಸುಳ್ಳು ಯಾಕೆ ಹೇಳ್ಲಿ. ಕೊನೆಗೆ ಮೆಟ್ಟಿಲು. ಕೆಳಗೆ ಪೀಪಿ ಬಿದ್ದಿದಾನೆ. ಎರಡು ಜಡೆ ಹುಡುಗಿ ಪಕ್ಕದಲ್ಲಿ ಕಂಬದ ಹಾಗೆ ನಿಂತ್ಕೊಂಡು ಎಣಿಸ್ತಿದಾಳೆ! ಮಗಳು ತಿರುಗಿ ಕೇಳ್ತಾಳೆ, 'ಅಮ್ಮಾ, ಇದು ನೀನಾ?' ಅಂತ. ಏನು ಹೇಳ್ಲಿ? ನೀನೇ ಹೇಳು, ಏನು ಹೇಳ್ಲಿ?...

ಏನಂದೆ? ಕಲೆನಾ? ಹೌದಪ್ಪ, ಕಲೆನೇ. ಎಷ್ಟು ಒಗೆದ್ರೂ ಹೋಗದ ಕಲೆ. ನನ್ನ ಮುಖಕ್ಕೇ ಬಳಿದೀಯಲ್ಲ...

ನಾನು ಎಣಿಸಿದ್ದನ್ನ ಕಿವಿಯಾರೆ ಕೇಳಿದೀಯಾ? ಐದು ವರ್ಷದ ಕೂಸು ನೀನು. ಜ್ವರ ಬಂದು ಮೇಲಿನ ರೂಮಲ್ಲಿ ಮಲಗಿದ್ದೆ, ಬಾಗಿಲು ಹಾಕಿತ್ತು. ಏನು ಕೇಳ್ದೆ?...

ಇನ್ನೊಂದ್ಸಲ ಹೇಳು...

'ಏಳು, ಏಳು, ಏಳು' ಅಂತ. ಅಷ್ಟೇನಾ? ಒಂದು, ಎರಡು ಕೇಳಿಸ್ತಾ? ಆರು ಕೇಳಿಸ್ತಾ?...

ನಮ್ಮ ಆಟಾನೇ, ಯಾರಿಲ್ಲ ಅಂದ್ರು? ಮೆಟ್ಟಿಲ ಮೇಲೆ ಕಣ್ಮುಚ್ಚಿ ಕೂರೋದು, ನಾನು ಎಣಿಸೋದು, ಏಳು ಅಂದ ತಕ್ಷಣ ನೀವಿಬ್ಬರೂ ಎದ್ದು ಓಡೋದು. ಅವತ್ತು ನಾವು ಆಡ್ತಿರ್ಲಿಲ್ಲ ಕಣೋ. ನಾನು ಅಡುಗೆಮನೇಲಿದ್ದೆ. ದಬ್ ಅಂತ ಸದ್ದಾಯ್ತು, ಓಡಿ ಬಂದೆ. ಭುಜ ಹಿಡಿದು ಅಲ್ಲಾಡಿಸ್ದೆ...

ಎಣಿಸ್ಲಿಲ್ಲ ಕಣೋ ಮಂಕುದಿಣ್ಣೆ! ಏಳು ಅಂದೆ. ಮಲಗ್ಬೇಡ, ಏಳು ಅಂದೆ. ಬೇರೆ ಮಾತೇ ಬರ್ಲಿಲ್ಲ ಬಾಯಿಗೆ...

ಇಪ್ಪತ್ತೆಂಟು ವರ್ಷ! ಒಂದು ದಿನ, ಒಂದೇ ಒಂದು ದಿನ ಬಂದು 'ಅಕ್ಕಾ, ಅವತ್ತು ಯಾಕೆ ಎಣಿಸ್ತಿದ್ದೆ' ಅಂತ ಕೇಳ್ಬಾರ್ದಿತ್ತಾ? ಆ ಅನುಮಾನಾನ ಹೊಟ್ಟೇಲಿಟ್ಕೊಂಡು ಸಾಕಿದೀಯ. ಇಲ್ಲಿ ದಿನಾ ಐವತ್ತು ಜನರನ್ನ ಮಲಗಿಸ್ತೀನಿ. ಒಬ್ಬರಿಗೂ 'ಏಳಿ' ಅಂದಿಲ್ಲ ನಾನು. 'ಆಯ್ತು' ಅಂತೀನಿ. ಅವತ್ತಿಂದ ಆ ಮಾತು ಯಾರಿಗೂ ಆಡಿಲ್ಲ, ಗೊತ್ತಾ ನಿನಗೆ?...

ಅಳ್ಬೇಡ. ಅಳೋಕೆ ನನ್ನ ಫೋನೇ ಬೇಕಿತ್ತಾ?...

ಇಲ್ಲ, ಅಳಿಸಿ ಹಾಕ್ಬೇಡ. ಬಿಟ್ಟು ಓಡಿಹೋಗೋದು ಸುಲಭ. ಸರಿ ಮಾಡು. ಆ ಹುಡುಗೀನ ಮೊದಲು ಕೂರಿಸು. ಅವನ ತಲೆ ತೊಡೆ ಮೇಲೆ ಇಡು. ಜಡೆ ಒಂದು ಬಿಚ್ಚಿತ್ತು, ಅದನ್ನೂ ಬಿಚ್ಚು...

ಏನು? ಅವತ್ತು 'ಏಳು' ಹೇಗೆ ಅಂದೆ ಅಂತ ಅಂದು ತೋರಿಸ್ಬೇಕಾ?...

ನಾಚಿಕೆ ಆಗಲ್ವಾ ಕೇಳೋಕೆ? ಗೇಮಿಗೆ ಹಾಕ್ತೀಯಾ?...

ನಿನಗೋಸ್ಕರಾನಾ? ನೀನೊಬ್ಬನೇ ಕೇಳೋಕಾ?...

ಆಣೆ ಗೀಣೆ ಬೇಡ. ಸುಮ್ನಿರು. ತಡಿ, ಬಾಗಿಲು ಹಾಕ್ತೀನಿ...

ಏಳು... ಏಳು ಪುಟ್ಟಾ... ಏಳು...

ಕೇಳಿಸ್ತಾ? ಹಲೋ?... ಏಯ್, ಅಂದೆ ಕಣೋ. ಈಗ ಅಂದೆ. ಕೇಳಿಸ್ತಾ ನಿನಗೆ? ಹಲೋ...