ಇಪ್ಪತ್ತೇಳು ಕಡೆ ಬರೆದ ಹತ್ತು ಸಾಲು

ಒಂದು ಕಾರ್ಖಾನೆಯಲ್ಲಿ ಒಬ್ಬ ಜಾಣ ಇದ್ದ. ಜಾಣ ಅಂತ ಊರವರು ಹೇಳಿದ್ದಲ್ಲ, ಅವನೇ ಹೇಳಿಕೊಂಡದ್ದು. ಹೆಸರು ಅಡಿವೆಪ್ಪ ಮುಳಗುಂದ. ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರ ತಯಾರಿಸುವ ಕಾರ್ಖಾನೆ ಅದು. ವಾರ್ಮರ್ ಅನ್ನುತ್ತಾರಲ್ಲ, ಆಸ್ಪತ್ರೆಯಲ್ಲಿ ನೋಡಿರುತ್ತೀರಿ. ಕೆಳಗೆ ಪುಟ್ಟ ಹಾಸಿಗೆ, ಮೇಲೆ ಕೆಂಪಗೆ ಕಾಯುವ ಕಂಬಿ. ಆ ಯಂತ್ರದ ಒಳಗಿನ ಪ್ರೋಗ್ರಾಂ ಬರೆಯುವುದು ಅಡಿವೆಪ್ಪನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಬರೆಯುತ್ತಿದ್ದ.

ಪ್ರವಚನದಲ್ಲಿ ಯಂತ್ರದ ಮಾತು ಬಂತು ಅಂತ ಹಿಂದಿನ ಸಾಲಿನವರು ಆಗಲೇ ಆಕಳಿಸಿದಿರಿ. ನೋಡಿದೆ. ಸ್ವಲ್ಪ ತಾಳಿ. ಅಡುಗೆಮನೆಯಲ್ಲಿ ಮಿಕ್ಸರ್ ತಿರುಗಿಸುವವರಿಗೆ ಅರ್ಥವಾಗದ್ದು ಇದರಲ್ಲಿ ಏನೂ ಇಲ್ಲ.

ಆ ಯಂತ್ರದ ಹೊಟ್ಟೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಚಿಪ್. ಅದರ ಸುತ್ತ ಸಣ್ಣ ಸಣ್ಣ ಕಾಲುಗಳು. ಅವಕ್ಕೆ ಪಿನ್ ಅನ್ನುತ್ತಾರೆ. ಒಂದೊಂದು ಪಿನ್ನಿಗೂ ಎರಡು ಮೂರು ಕಸುಬು ಗೊತ್ತು. ಅದೇ ಪಿನ್ ದೀಪ ಹಚ್ಚಬಹುದು, ಅದೇ ಪಿನ್ ಬಜರ್ ಕೂಗಿಸಬಹುದು, ಏನೂ ಹೇಳದಿದ್ದರೆ ಬೆಪ್ಪನ ಹಾಗೆ ಸುಮ್ಮನೆ ಕೂರಬಹುದು. ಇನ್ನು ಕಂಬಿಗೊಂದು, ದೀಪಕ್ಕೊಂದು, ಪರದೆಗೊಂದು, ಬಜರಿಗೊಂದು, ಹೀಗೆ ಇಪ್ಪತ್ತೇಳು ತುಂಡು ಪ್ರೋಗ್ರಾಂ. ಇವಕ್ಕೆ ಡ್ರೈವರ್ ಅಂತ ಹೆಸರು. ಇವರೆಲ್ಲರ ಮೇಲೆ ಒಬ್ಬ ಯಜಮಾನ, ಆಪರೇಟಿಂಗ್ ಸಿಸ್ಟಂ. ಯಂತ್ರದ ಗುಂಡಿ ಒತ್ತಿದ ಕೂಡಲೇ ಯಜಮಾನ ಒಬ್ಬೊಬ್ಬ ಡ್ರೈವರನನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತಾನೆ.

ಎದ್ದ ಡ್ರೈವರ್ ಮೊದಲು ತನ್ನ ಪಿನ್ ಹುಡುಕಬೇಕು. ಸಿಕ್ಕಿತೇ ನೋಡಬೇಕು. ನಿನ್ನ ಕಸುಬು ಇದಪ್ಪಾ ಎಂದು ಅದಕ್ಕೆ ಹೇಳಬೇಕು. ಕೇಳಿತೇ ನೋಡಬೇಕು. ಇಷ್ಟಕ್ಕೆ ಹತ್ತು ಸಾಲು ಬರಹ. ಅಡಿವೆಪ್ಪ ಆ ಹತ್ತು ಸಾಲನ್ನು ಒಮ್ಮೆ ಬರೆದ, ಚೆನ್ನಾಗಿಯೇ ಬರೆದ. ಆಮೇಲೆ? ಆಮೇಲೆ ನಕಲು. ಎರಡನೆಯದಕ್ಕೆ ನಕಲು, ಮೂರನೆಯದಕ್ಕೆ ನಕಲು, ಇಪ್ಪತ್ತೇಳನೆಯದಕ್ಕೂ ನಕಲು. ಅದೇ ಹತ್ತು ಸಾಲು. ಅದೇ ಹತ್ತು ಸಾಲು! ವರ್ಷಕ್ಕೊಮ್ಮೆ ಮ್ಯಾನೇಜರ್ ಮುಂದೆ ನಿಂತು, "ಈ ವರ್ಷ ಇಷ್ಟ ಸಾವಿರ ಸಾಲ ಬರದೇನ್ರಿ" ಅನ್ನುವುದು. ಮ್ಯಾನೇಜರ್ ತಲೆದೂಗುವುದು. ರಾಶಿ ದೊಡ್ಡದಾದರೆ ಸಾಕು, ಕಾಳೆಷ್ಟು ಹೊಟ್ಟೆಷ್ಟು ಎಂದು ತೂರಿ ನೋಡುವವರು ಯಾರು?

ಒಂದು ದಿನ ರೇಷ್ಮಾ ನದಾಫ ಎಂಬ ಎಂಜಿನಿಯರ್ ಅವನ ಮೇಜಿನ ಬಳಿ ಬಂದಳು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಹದಿನೈದು ದಿನ ಕೂತು ಅಷ್ಟೂ ಡ್ರೈವರ್ ಓದಿದ್ದಳು. ಅವನ್ನು ಬರೆದವನನ್ನು ಬಿಟ್ಟರೆ ಯಾರೂ ಓದಿರಲಿಲ್ಲ. ನಿಜ ಹೇಳಬೇಕೆಂದರೆ ಬರೆದವನೂ ಓದಿರಲಿಲ್ಲ.

"ಸರ್, ಒಂದ ಮಾತ ಕೇಳಲೇನ್ರಿ?"

"ಕೇಳವಾ."

"ಈ ಹತ್ತ ಸಾಲ ಎಲ್ಲಾ ಡ್ರೈವರಿನ್ಯಾಗೂ ಅದಾವಲ್ರಿ. ಅದ ಮಾತು, ಅದ ಕ್ರಮ. ಡ್ರೈವರ್ ಎಬ್ಬಿಸೂಕಿಂತ ಮೊದಲ ಸಿಸ್ಟಂ ತಾನ ಪಿನ್ ಹೊಂದಿಸಿಟ್ಟರ ಹೆಂಗ್ರಿ? ಯಾವ ಪಿನ್ ಯಾರಿಗೆ ಅನ್ನೂ ಪಟ್ಟಿ ಹೆಂಗೂ ಬ್ಯಾರೆ ಐತಿ. ಪಟ್ಟಿ ನೋಡಿ ಹೊಂದಿಸೂದು ಒಂದ ಕಡೆ ಬರದ್ರ ಮುಗೀತು. ಉಳದವ್ರು ತಮ್ಮ ತಮ್ಮ ಕೆಲಸ ಅಷ್ಟ ಮಾಡ್ತಾರ."

ಅಡಿವೆಪ್ಪನಿಗೆ ಮಾತು ಥಟ್ಟನೆ ಅರ್ಥವಾಯಿತು. ಅರ್ಥವಾದದ್ದೇ ಅವನಿಗಾದ ನೋವು. ಸುಳ್ಳು ಹೇಳಿದ್ದರೆ ನಕ್ಕು ಕಳಿಸಬಹುದಿತ್ತು. ಇವಳು ನಿಜ ಹೇಳುತ್ತಿದ್ದಾಳೆ. ಹೌದು ಎಂದರೆ ಹದಿನಾಲ್ಕು ವರ್ಷದ ರಾಶಿಯಲ್ಲಿ ಎಷ್ಟೋ ಪಾಲು ಹೊಟ್ಟು ಎಂದು ಒಪ್ಪಿದಂತೆ.

"ನೀ ಬಂದು ಎಷ್ಟ ದಿನ ಆತವಾ?"

"ಎಂಟ ತಿಂಗಳ್ರಿ."

"ನಾ ಬಂದು ಹದಿನಾಕ ವರ್ಷ. ನಡಿಯೂದನ್ನ ಮುಟ್ಟಬಾರದು, ತಿಳೀತಿಲ್ಲೊ? ಯಾರ ಮನಿ ಕೀಲಿ ಅವರ ಉಡಿಯಾಗ ಇರ್ಲಿ. ನಡೀ, ಚಹಾ ಕುಡದ ಬಾ ಹೋಗು."

ನೋಡಿ, ಎಂಥ ಗಾದೆಯಂಥ ಮಾತು! ಸೋಮಾರಿತನ ಬಾಯಿ ತೆರೆದರೆ ಯಾವಾಗಲೂ ಗಾದೆಯನ್ನೇ ಹೇಳುತ್ತದೆ. ರೇಷ್ಮಾ ತನ್ನ ಮೇಜಿಗೆ ಮರಳಿದಳು.

ಅದೇ ವರ್ಷ ಹಳೆಯ ಚಿಪ್ ಸಿಗುವುದು ನಿಂತಿತು. ಹೊಸ ಚಿಪ್ ಬಂತು. ಪಿನ್‌ಗಳ ಹೆಸರು ಬದಲಾಯಿತು. ಈಗ ಆ ಹತ್ತು ಸಾಲಿನಲ್ಲಿ ಒಂದು ಸಾಲು ತಿದ್ದಬೇಕು. ಒಂದೇ ಸಾಲು! ಆದರೆ ಎಷ್ಟು ಕಡೆ? ಇಪ್ಪತ್ತೇಳು ಕಡೆ. ಅಡಿವೆಪ್ಪ ಅಂಗಿಯ ತೋಳು ಮಡಚಿ ಕೂತ. ಮೂರು ದಿನ ತಿದ್ದಿದ. ಒಂದೇ ಥರದ್ದನ್ನು ಇಪ್ಪತ್ತು ಸಲ ನೋಡಿದ ಕಣ್ಣು ಇಪ್ಪತ್ತೊಂದನೆಯದನ್ನು ನೋಡುತ್ತದೆಯೇ? ನೋಡಿದೆ ಅಂದುಕೊಳ್ಳುತ್ತದೆ, ಅಷ್ಟೇ. ಮೂರನೆಯ ದಿನ ಮಧ್ಯಾಹ್ನ ರೊಟ್ಟಿ ಉಂಡು ಬಂದು ಕೂತವನ ಕಣ್ಣಿನ ಕೆಳಗೇ ಬಜರಿನ ಡ್ರೈವರ್ ದಾಟಿಹೋಯಿತು. ಅದರಲ್ಲಿ ಹಳೆಯ ಹೆಸರೇ ಉಳಿಯಿತು.

ಪರೀಕ್ಷೆ ಮಾಡಲಿಲ್ಲವೇ ಅಂತೀರಿ. ಮಾಡಿದರು. ಕಾರ್ಖಾನೆಯಲ್ಲಿ ಕಂಪ್ರೆಸರ್ ಗದ್ದಲ. ಪರದೆಯ ಮೇಲೆ ಕೆಂಪು ಅಕ್ಷರ ಬಂತು, ಬಜರ್ ಎಂದು ಬರೆದಿದ್ದ ಸಾಲಿಗೆ ಟಿಕ್ ಹಾಕಿದರು. ಕಿವಿಯಿಂದ ಕೇಳಬೇಕಾದ್ದನ್ನು ಕಣ್ಣಿನಿಂದ ನೋಡಿ ಟಿಕ್ ಹಾಕಿದರು!

ಯಂತ್ರ ಒಂದು ತಾಲ್ಲೂಕು ಆಸ್ಪತ್ರೆಗೆ ಹೋಯಿತು. ಅಲ್ಲಿ ಎಸ್ತೇರಮ್ಮ ಎಂಬ ನರ್ಸ್. ಒಂದು ಮಧ್ಯಾಹ್ನ, ಹುಟ್ಟಿ ಎರಡು ದಿನದ ಹೆಣ್ಣುಕೂಸು ಆ ಹಾಸಿಗೆಯ ಮೇಲೆ. ಕೂಸಿನ ಹೊಟ್ಟೆಗೆ ಅಂಟಿಸಿದ್ದ, ಮೈಬಿಸಿ ಅಳೆಯುವ ವೈರು ಬೆವರಿಗೆ ಕಳಚಿ ಬಿತ್ತು. ಯಂತ್ರ ಕೂಸು ತಣ್ಣಗಾಗಿದೆ ಎಂದುಕೊಂಡು ಕಂಬಿಯನ್ನು ಇನ್ನಷ್ಟು ಕಾಯಿಸಿತು. ಪರದೆ ಕೆಂಪಾಯಿತು. ಈಗ ಬಜರ್ ಕೂಗಬೇಕು. ಎಸ್ತೇರಮ್ಮ ಬಟ್ಟೆಯ ಪರದೆಯಾಚೆ ಇನ್ನೊಬ್ಬಳ ಹೆರಿಗೆ ಮಾಡಿಸುತ್ತಿದ್ದಳು. ಅವಳ ಕೈ ಖಾಲಿ ಇರಲಿಲ್ಲ, ಕಿವಿ ಮಾತ್ರ ಈಚೆಗಿತ್ತು. ಬಜರ್ ಕೂಗಲಿಲ್ಲ. ಕೂಸು ಅತ್ತಿತು, ಅತ್ತು ಅತ್ತು ಸುಮ್ಮನಾಯಿತು. ಆ ಸುಮ್ಮನಾದದ್ದೇ ಆಕೆಗೆ ಸರಿ ಕಾಣಲಿಲ್ಲ. ಓಡಿಬಂದು ಅಂಗಾಲು ಮುಟ್ಟಿದಳು. ಹೆಂಚಿನ ಹಾಗೆ ಸುಡುತ್ತಿತ್ತು. ಬಾಚಿ ಎತ್ತಿಕೊಂಡಳು.

ಕೂಸು ಉಳಿಯಿತು. ನಾಲ್ಕು ದಿನ ಮೈ ಕೆಂಪಗಿತ್ತು, ಉಳಿಯಿತು. ಉಳಿಸಿದ್ದು ಒಬ್ಬ ನರ್ಸಿನ ಕೈ. ಅಡಿವೆಪ್ಪನ ಹತ್ತು ಸಾಲಲ್ಲ.

ಕಾರ್ಖಾನೆಗೆ ಫೋನ್ ಬಂತು. ಅಡಿವೆಪ್ಪ ಲ್ಯಾಪ್‌ಟಾಪ್ ಹಿಡಿದು ಓಡಿದ. ದಾರಿಯುದ್ದಕ್ಕೂ ವೈರ್ ಸಡಿಲಾಗಿರಬೇಕು, ಕರೆಂಟು ಏರಿಳಿದಿರಬೇಕು, ನರ್ಸ್ ಏನೋ ಒತ್ತಿರಬೇಕು ಎಂದು ಮನಸ್ಸಿನಲ್ಲೇ ತಪ್ಪು ಹಂಚುತ್ತಾ ಹೋದ. ಎಲ್ಲರಿಗೂ ಹಂಚಿದ, ತನಗೊಂದು ಚೂರೂ ಇಟ್ಟುಕೊಳ್ಳಲಿಲ್ಲ. ಎಸ್ತೇರಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಅವನನ್ನು ಮಾತಾಡಿಸಿದಳು.

"ನಿಮ್ಮ ಮಷಿನ್ ಒದರಲಿಲ್ರಿ."

"ಚೆಕ್ ಮಾಡ್ತೇನ್ರಿ ಸಿಸ್ಟರ್. ಒಂದೊಂದ ಸಲ ಲೈಟಿಂದು…"

"ಲೈಟಿಂದಲ್ರಿ. ಪರದಿ ಮ್ಯಾಲೆ ಕೆಂಪ ಬಂದಿತ್ತು. ಒದರಲಿಲ್ಲ. ನಾ ಕಿವಿ ಇಟ್ಟಕೊಂಡ ಇದ್ದೆ. ಇದರ ಅವ್ವ ಕೇಳಾಕ ಹತ್ಯಾಳ, ಯಾಕ ಒದರಲಿಲ್ಲ ಅಂತ. ಏನ ಹೇಳ್ಲಿ?"

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಬಜರಿನ ಡ್ರೈವರ್ ತೆರೆದ. ಹಳೆಯ ಹೆಸರು ಕಣ್ಣಿಗೆ ರಾಚಿತು. ಬೇಗ ಬೇಗ ತಿದ್ದಿದ, ಬಜರ್ ಕೂಗಿಸಿ ತೋರಿಸಿದ, ತಾಯಿಯ ಮುಖ ನೋಡದೆ ಹೊರಟುಬಂದ. ಕಾರ್ಖಾನೆಯಲ್ಲಿ "ಸಣ್ಣ ಮಿಸ್ಟೇಕ್, ಸರಿ ಮಾಡೇನಿ" ಅಂದ.

ಸಣ್ಣ ಮಿಸ್ಟೇಕ್! ನಾವೆಲ್ಲ ಹೀಗೇ ಅಲ್ಲವೇ ಅನ್ನುವುದು?

ರೇಷ್ಮಾ ಮಾತ್ರ ಬಿಡಲಿಲ್ಲ. "ಸರ್, ಉಳದ ಇಪ್ಪತ್ತಾರೂ ಒಂದ ಥರಾ ಅದಾವು ಅಂತ ನಿಮಗ ಗೊತ್ತೈತೇನ್ರಿ?"

"ನಾನ ಬರದೇನಿ, ನನಗ ಗೊತ್ತಿರೂದಿಲ್ಲೇನು?"

"ಹಂಗಾರ ಒಂದಕ್ಕೊಂದು ತಾಳೆ ಹಾಕಿ ನೋಡೂಣ ಬರ್ರಿ."

ಇಬ್ಬರೂ ಕೂತರು. ಎಂಟನೆಯದರಲ್ಲಿ ಒಂದು ಸಾಲೇ ಇರಲಿಲ್ಲ. ಹದಿಮೂರನೆಯದರಲ್ಲಿ ಪಿನ್ ಸಿಕ್ಕಿತೇ ಎಂದು ನೋಡುವ ಮೊದಲೇ ಕಸುಬು ಹೇಳಿಯಾಗಿತ್ತು. ಕೊನೆಗೆ ಬಜರಿನದ್ದನ್ನು ಮತ್ತೆ ತೆರೆದರು. ಉಳಿದ ಕಡೆ 'ಪಿನ್ ಸಿಗದಿದ್ದರೆ ನಿಲ್ಲು, ತಪ್ಪು ತೋರಿಸು' ಎಂದಿದ್ದ ಜಾಗದಲ್ಲಿ ಇಲ್ಲಿ 'ಸಿಗದಿದ್ದರೆ ಹೋಗಲಿ, ಮುಂದೆ ನಡೆ' ಎಂದಿತ್ತು. ಎಂಟು ವರ್ಷದ ಹಿಂದೆ ಯಾರೋ ದೊಡ್ಡವರು ಯಂತ್ರ ನೋಡಲು ಬಂದಿದ್ದರು, ಅವತ್ತು ಏನೋ ಅಡ್ಡಿಯಾಯಿತೆಂದು ಅಡಿವೆಪ್ಪನೇ ಹಾಗೆ ಬರೆದಿದ್ದ. ಆಮೇಲೆ ತೆಗೆಯುತ್ತೇನೆ ಅಂದುಕೊಂಡಿದ್ದ. ಮರೆತಿದ್ದ. ಹೆಸರು ತಪ್ಪಿದ್ದರೂ ಯಂತ್ರ ಯಾಕೆ ದೂರಲಿಲ್ಲ ಎಂಬುದು ಈಗ ತಿಳಿಯಿತು. ದೂರಬೇಡ ಎಂದು ಅದಕ್ಕೆ ಹೇಳಿಕೊಟ್ಟವನು ಅವನೇ.

ಅಡಿವೆಪ್ಪನ ಕಿವಿಯಲ್ಲಿ ಎಸ್ತೇರಮ್ಮನ ಮಾತು ಸುತ್ತುತ್ತಿತ್ತು: ಏನ ಹೇಳ್ಲಿ? ಕಡೆಗೆ ಕುರ್ಚಿ ಸರಿಸಿ ಅಂದ: "ಯವ್ವಾ, ನೀ ಅಂದದ್ದು ಹೆಂಗ, ಇನ್ನೊಮ್ಮೆ ಹೇಳು."

ಅವಳು ಹೇಳಿದಳು. ಅವನು ಕೇಳಿದ. ಯಜಮಾನ ಡ್ರೈವರನನ್ನು ಎಬ್ಬಿಸುವ ಜಾಗದಲ್ಲಿ, ಎಬ್ಬಿಸುವ ಮೊದಲು, ಪಟ್ಟಿ ನೋಡಿ ಪಿನ್ ಹೊಂದಿಸುವ ಮಾತನ್ನು ಒಮ್ಮೆ ಬರೆದರು. ಪಿನ್ ಹೊಂದದಿದ್ದರೆ ಆ ಡ್ರೈವರ್ ಏಳುವುದೇ ಇಲ್ಲ, ಯಂತ್ರ ಕೆಲಸವನ್ನೇ ಶುರು ಮಾಡದೆ ತಪ್ಪು ತೋರಿಸುತ್ತದೆ. ಪರದೆಯ ಡ್ರೈವರ್ ಒಂದಕ್ಕೆ ಮಾತ್ರ, ಪರದೆ ಆರಿ ನಿದ್ದೆ ಹೋಗುವಾಗ ಪಿನ್ನಿನ ಕಸುಬು ಬದಲಿಸಬೇಕಾದ್ದರಿಂದ, ತನ್ನದೇ ನಾಲ್ಕು ಸಾಲು ಉಳಿಸಿದರು. ಮಿಕ್ಕಿದ್ದನ್ನು ಅಡಿವೆಪ್ಪ ತನ್ನ ಕೈಯಾರೆ ಅಳಿಸಿದ. ಒಂದೊಂದನ್ನೂ ತೆರೆದು, ಓದಿ, ಅಳಿಸಿದ. ಮೊದಲನೆಯದನ್ನು ಅಳಿಸುವಾಗ ಹಲ್ಲು ಕಿತ್ತಂತಾಯಿತು. ಹತ್ತನೆಯದರ ಹೊತ್ತಿಗೆ ಉಸಿರಾಟ ಹಗುರಾಯಿತು. ಆ ವರ್ಷ ಮ್ಯಾನೇಜರ್ ಮುಂದೆ ನಿಂತು, "ಇನ್ನೂರ ಅರವತ್ತರ ಮ್ಯಾಲ ಸಾಲ ತಗದೇನ್ರಿ, ಹೇಳಿದಾಕಿ ರೇಷ್ಮಾ" ಅಂದ. ಮ್ಯಾನೇಜರಿಗೆ ತಲೆದೂಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ಅಡಿವೆಪ್ಪ ಆ ಆಸ್ಪತ್ರೆಗೆ ಹೋಗಿ ಕೂಸಿನ ತಾಯಿಯ ವಿಳಾಸ ಕೇಳಿ, ಮನೆ ಹುಡುಕಿ, ಹೊಸ್ತಿಲ ಹೊರಗೆ ನಿಂತು, "ತಪ್ಪ ನಂದವಾ" ಅಂದು ಬಂದ. ಆಕೆ ಒಳಗೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಕಥೆ ಇಷ್ಟೇ. ಅಡಿವೆಪ್ಪನನ್ನು ನೋಡಿ ಸಾಕಷ್ಟು ನಕ್ಕಿರಿ. ಈಗ ನಿಮ್ಮ ಕಡೆ ಬರುತ್ತೇನೆ.

ನೀವು ಧರ್ಮವನ್ನು ಎಷ್ಟು ಕಡೆ ಬರೆದುಕೊಂಡಿದ್ದೀರಿ? ಗುಡಿಯಲ್ಲಿ ಸುಳ್ಳು ಹೇಳಬಾರದು, ಅದೊಂದು ಕಡೆ. ಗುರುಗಳ ಮುಂದೆ ಸಿಟ್ಟು ಮಾಡಬಾರದು, ಅದೊಂದು ಕಡೆ. ಬೀಗರು ಬಂದಾಗ ಸೊಸೆಗೆ ಮೆತ್ತಗೆ ಮಾತಾಡಬೇಕು, ಅದೊಂದು ಕಡೆ. ಎಲ್ಲ ಬಿಡಿ ಬಿಡಿ ನಕಲು! ಗಿರಾಕಿಯ ಮುಂದೆ ತಕ್ಕಡಿ ಹಿಡಿದಾಗ 'ಹೋಗಲಿ, ಮುಂದೆ ನಡೆ'. ಬಸ್ಸಿನಲ್ಲಿ ಮುದುಕಿ ನಿಂತಾಗ 'ಹೋಗಲಿ, ಮುಂದೆ ನಡೆ'. ಇಲ್ಲಿ ಪ್ರವಚನದಲ್ಲಿ ಕೂತು ಕಣ್ಣು ಮುಚ್ಚಿ ತಲೆ ಆಡಿಸುತ್ತೀರಲ್ಲ, ಎಂಥ ಭಕ್ತಿ! ಆ ಭಕ್ತಿ ಮೆಟ್ಟಿಲಿಳಿದು ಚಪ್ಪಲಿ ಹುಡುಕುವಾಗಲೇ ಮುಗಿದಿರುತ್ತದೆ. ಇನ್ನೊಬ್ಬನ ಕಾಲು ತುಳಿದು ನಿಮ್ಮ ಚಪ್ಪಲಿ ಎಳೆದುಕೊಳ್ಳುತ್ತೀರಿ.

ಇಂಥ ಜಾಗ ಇಂಥ ಜನ ಎಂದು ಲೆಕ್ಕ ಹಾಕಿ ಒಳ್ಳೆಯವರಾಗುವವರು ಒಂದಲ್ಲ ಒಂದು ಜಾಗ ಮರೆಯುತ್ತಾರೆ. ಮರೆತ ಜಾಗದಲ್ಲಿ ಯಾರದೋ ಕೂಸು ಮಲಗಿರುತ್ತದೆ. ಬೆಳಿಗ್ಗೆ ಎದ್ದಾಗ, ಯಾವ ಕೆಲಸಕ್ಕೂ ಕೈ ಹಚ್ಚುವ ಮೊದಲು, ಬುಡದಲ್ಲಿ ಒಮ್ಮೆ ಬರೆದುಕೊಳ್ಳಿ: ಎದುರಿಗೆ ಬಂದವರು ಯಾರೇ ಆಗಲಿ, ಮನುಷ್ಯರು. ಅಷ್ಟು ಹೊಂದದಿದ್ದರೆ ಆ ದಿನದ ಕೆಲಸ ಶುರು ಮಾಡಬೇಡಿ. ಅಷ್ಟು ಹೊಂದಿದರೆ ಅಂಗಡಿಗೊಂದು ನೀತಿ, ಅಡುಗೆಮನೆಗೊಂದು ನೀತಿ ಬರೆಯುವ ದಗದ-ಕೆಲಸವೇ ಇಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಬೇಡಿ, ನಿಮಗೆ ಗೊತ್ತು. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳಿಗೆ ಹಿತ್ತಲ ಕಟ್ಟೆಯ ಮೇಲೆ ಒಂದು ಬೇರೆ ಲೋಟ ಇಟ್ಟಿದ್ದೀರಲ್ಲ, ಅಂಚು ನೆಗ್ಗಿದ ಸ್ಟೀಲ್ ಲೋಟ? ಈಗ ಯಾಕೆ ತಲೆ ತಗ್ಗಿಸಿದಿರಿ? ನಾಳೆ ಬೆಳಿಗ್ಗೆ ಅದನ್ನು ತೆಗೆದು ಗುಜರಿಗೆ ಹಾಕಿ. ನೀವು ಕುಡಿಯುವ ಕಪ್ಪಿನಲ್ಲೇ ಅವಳಿಗೆ ಚಹಾ ಹಾಕಿ, ನಿಮ್ಮ ಕುರ್ಚಿ ತೋರಿಸಿ, "ಕುಂದ್ರವಾ" ಅನ್ನಿ. ಕಪ್ ಕೊಡುವಾಗ ನಿಮ್ಮ ಕೈ ಹಿಂದೆಗೆದರೆ, ತಿಳಿದುಕೊಳ್ಳಿ, ಇಷ್ಟು ವರ್ಷ ನೀವು ಬರೆಯದೆ ಬಿಟ್ಟ ಜಾಗ ಅದೇ.