ಗೊಲ್ಲಾಳಪ್ಪನವರ ಬಿದಿರಿನ ಗಳ

ಹೋಟಗಿ ಸ್ಟೇಶನ್ನಿನ ಹಿರಿಯರೇ, ಗೆಳೆಯರೇ, ಗೊಲ್ಲಾಳಪ್ಪನವರ ಮನೆಯ ತಾಯಿ ಹಣಮವ್ವನವರೇ, ಎಲ್ಲರಿಗೂ ನಮಸ್ಕಾರ. ಸಭೆಯಲ್ಲಿ ಮಾತನಾಡಿ ನನಗೆ ರೂಢಿಯಿಲ್ಲ. ಆದರೆ ನಮ್ಮ ಹಳಿ ಕಾಯುತ್ತಿದ್ದು ಈಗ ನಮ್ಮನ್ನಗಲಿದ ಗೊಲ್ಲಾಳಪ್ಪನವರ ವಿಷಯದಲ್ಲಿ ಸುಮ್ಮನಿದ್ದರೆ — ತಪ್ಪಾದೀತು.

ಅವರ ಬಿದಿರಿನ ಗಳವನ್ನು ನೀವೆಲ್ಲ ಕಂಡವರು. ತಳ್ಳುಗಾಡಿಯ ಮೇಲೆ ನೆಟ್ಟದ್ದು, ಇಷ್ಟೆತ್ತರ — ರೈಲು ಡಬ್ಬಿಯ ನೆತ್ತಿಗಿಂತ ಎರಡು ಮೊಳ ಹೆಚ್ಚು. ತುದಿಗೆ ತಮ್ಮೂರು ತಡವಳದ ಮನೆಯಿಂದ ತಂದ ಎತ್ತಿನ ಕೊರಳಗಂಟೆ. ಗಿರಣಿಯ ಕರೆಂಟಿನ ತಂತಿ ನಮ್ಮ ಹಳಿಯ ಮೇಲೆ ಅಡ್ಡ ಹಾಯುತ್ತದಲ್ಲ, ಅದರ ಕೆಳಗೆ ನೂಕಿಕೊಂಡು ಹೋಗುವರು. ತಂತಿ ತಾಗಿ ಗಂಟೆ ನುಡಿದರೆ ರೈಲುಗಾಡಿ ನಿಲ್ಲಬೇಕು. ಸುಮ್ಮನಿದ್ದರೆ ಹೋಗಬಹುದು.

ಮೂವತ್ನಾಲ್ಕನೆಯ ಇಸವಿಯ ವೈಶಾಖ. ನಾನಾಗ ಬಿ.ಎ. ಮುಗಿಸಿ ಸ್ಟೇಶನ್ನಿಗೆ ಹೊಸದಾಗಿ ಬಂದ ಗುಮಾಸ್ತ. ಅಕ್ಕಲಕೋಟದ ಕಡೆ ಹೋಗುವ ಪ್ಯಾಸೆಂಜರಿಗೆ ಮೊದಲ ಸಲ ಒಂದು ಎತ್ತರದ ಹೊಸ ಡಬ್ಬಿ ಜೋಡಿಸಿದ್ದರು. ಗೊಲ್ಲಾಳಪ್ಪನವರು ಊರಿಗೆ ಹೋಗಿದ್ದರಿಂದ ಗಳವನ್ನು ಆ ಡಬ್ಬಿಗೆ ತಕ್ಕಂತೆ ಎತ್ತರಿಸಿ, ಮುಂಜಾನೆ ತಂಪಿನಲ್ಲಿ ನಾನೇ ಅಳೆದೆ. ಗಂಟೆ ನುಡಿಯಲಿಲ್ಲ. ಸ್ಟೇಶನ್ನಿನ ಪುಸ್ತಕದಲ್ಲಿ 'ದಾರಿ ಸಲೀಸು' ಎಂದು ಬರೆದೆ.

ಮಧ್ಯಾಹ್ನ ಗಾಡಿ ಹೊರಡುವ ಹೊತ್ತಿಗೆ ಅವರು ಬಂದರು.

"ಯಾವಾಗ ಅಳದೀರಿ, ಬೀಯೇ ಸಾಹೇಬ್ರ?"

"ಮುಂಜಾನಿ."

"ಮುಂಜಾನಿ ತಂತಿ ಎಚ್ಚರ ಇರ್ತದ. ಬಿಸಲಾಗ ಅದಕ್ಕೂ ಜೋಂಪು ಹತ್ತಿ ಜೋತು ಬೀಳ್ತದರಿ."

ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸಿದರು. ನವಿ ಪೇಠದ ಜವಳಿ ಸಾವಕಾರರು ಮಲಕಾಜಪ್ಪನವರು — ಇಲ್ಲೇ ಮುಂದೆ ಕೂತಿದ್ದಾರೆ — ಕಿಟಕಿಯಿಂದ ಕೂಗಿದರು: "ಗೊಲ್ಲಾಳಪ್ಪಾ, ಎತ್ತ ಮನ್ಯಾಗ ಬಿಟ್ಟು ಗಂಟಿ ಅಷ್ಟ ತಂದೀಯೇನೋ?"

"ಎತ್ತ ಗಾಡ್ಯಾಗ ಕುಂತಾವಲ್ಲರಿ, ಸಾವಕಾರ್ರ."

ಡಬ್ಬಿಯೆಲ್ಲ ನಕ್ಕಿತು. ಗೊಲ್ಲಾಳಪ್ಪನವರು ತಳ್ಳುಗಾಡಿಯನ್ನು ಮೆಲ್ಲಗೆ ನೂಕಿದರು. ಬಿಸಿಲಿನ ಝಳದಲ್ಲಿ ಹಳಿಗಳು ನೀರಿನಂತೆ ಅಲುಗುತ್ತಿದ್ದವು. ಬಿದಿರು ಆ ನೀರಿನಲ್ಲಿ ತೇಲಿಹೋದಂತೆ ಕಂಡಿತು. ಆಮೇಲೆ — ಒಂದೇ ಒಂದು ಸಲ — ಗಂಟೆ ನುಡಿಯಿತು. ನಗು ನಿಂತಿತು. ಆ ಡಬ್ಬಿಯ ಮಾಡಿನ ಮೇಲೂ ಜನ ಕೂತಿದ್ದರು.

ಡಬ್ಬಿಯನ್ನು ಬಿಚ್ಚಿ ಬೇರೆಯದನ್ನು ಜೋಡಿಸಿದರು. ನಾನು ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಲು ಹೋದೆ. ಅವರು ಕೈ ಹಿಡಿದರು. "ಹೊಡೀಬ್ಯಾಡ್ರಿ. ನೀವು ಬರದದ್ದು ಸುಳ್ಳಲ್ಲ. ಯಾವ ಹೊತ್ತಿನ್ಯಾಗ ಅಳದೀರಿ ಅಂತ ಬರೀರಿ, ಸಾಕು." ಅಂದಿನಿಂದ ನಮ್ಮ ಪುಸ್ತಕದಲ್ಲಿ ಅಳತೆಯ ಪಕ್ಕದಲ್ಲಿ ಹೊತ್ತೂ ಇದೆ.

ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ, ಆ ಬಿದಿರು ತಾನಾಗಿಯೇ ದೂರ ಸರಿಯುತ್ತಿರುವಂತೆ ಕಾಣುತ್ತದೆ. ಅದನ್ನು ತಂದು ಆ ಗೋಡೆಗೆ ಒರಗಿಸಿದ್ದೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ ಗಂಟೆ ಸುಮ್ಮನಿರಲಿ, ನಾವೂ ಸುಮ್ಮನಿರೋಣ. ದಾರಿ ಸಲೀಸಿದೆ — ಅವರು ಹೋಗಲಿ.